ರಕ್ತದಲ್ಲಿ ಆಲ್ಬುಮಿನ್ ಕಡಿಮೆ ಇರುವುದಕ್ಕೂ ರಾತ್ರಿ ಬೆವರುವುದಕ್ಕೂ ಸಂಬಂಧವಿದೆಯೇ?

ಪ್ರಶ್ನೆ – ಕಲ್ಪತರು ನಾಡಿನವ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರ ಆರೋಗ್ಯದ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ಅವರಿಗೆ 61 ವರ್ಷ. ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿ ತೆಂಗಿನ ತೋಟವನ್ನೂ ಎರಡು ಹಸುಗಳನ್ನೂ ನೋಡಿಕೊಂಡಿದ್ದಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನು ಹಲವು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ಕೆಲವು ವಾರಗಳಿಂದ ನಡುರಾತ್ರಿ ಕಳೆದ ಮೇಲೆ ಅವರಿಗೆ ವಿಪರೀತ ಬೆವರು ಬರುತ್ತಿದೆ. ಬನಿಯನ್ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆಯಾಗಿ, ಅಮ್ಮ ಎದ್ದು ಬಟ್ಟೆ ಮತ್ತು ಹಾಸಿಗೆಯ ಹೊದಿಕೆಯನ್ನು ಬದಲಾಯಿಸಬೇಕಾಗುತ್ತದೆ. ಸಂಜೆಯ ಹೊತ್ತು ಮೈ ಬೆಚ್ಚಗಿರುತ್ತದೆ ಎಂದು ಅಮ್ಮ ಹೇಳುತ್ತಾರೆ, ಆದರೆ ಥರ್ಮಾಮೀಟರ್ ಇಟ್ಟು ನೋಡಿಲ್ಲ. ತೂಕ ಇಳಿದಿರುವುದು ನೋಡಿದರೇ ಗೊತ್ತಾಗುತ್ತದೆ. ಕೆಮ್ಮು ಹೇಳಿಕೊಳ್ಳುವಷ್ಟು ಇಲ್ಲ. ಪಾದಗಳಲ್ಲಿ ಸಂಜೆಗೆ ಸ್ವಲ್ಪ ಊತ ಕಾಣುತ್ತದೆ.

ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ (ಯಕೃತ್ತು ತಯಾರಿಸುವ, ರಕ್ತದ ಮುಖ್ಯ ಪ್ರೋಟೀನ್) 2.7, ಒಟ್ಟು ಪ್ರೋಟೀನ್ 7.8, ಗ್ಲಾಬ್ಯುಲಿನ್ 5.1, ಹಿಮೋಗ್ಲೋಬಿನ್ 10.2, ಇ.ಎಸ್.ಆರ್. (ದೇಹದಲ್ಲಿ ಉರಿಯೂತವಿದ್ದರೆ ಏರುವ ಸಂಖ್ಯೆ) 88 ಎಂದು ಬಂದಿದೆ. ಯಕೃತ್ತಿನ ಪರೀಕ್ಷೆಗಳಾದ ಬಿಲಿರುಬಿನ್, ಎಸ್.ಜಿ.ಪಿ.ಟಿ. ಮತ್ತು ಕಿಡ್ನಿಯ ಪರೀಕ್ಷೆಯಾದ ಕ್ರಿಯಾಟಿನಿನ್ ಸರಿಯಾಗಿವೆ. ಇಲ್ಲಿನ ವೈದ್ಯರೊಬ್ಬರು ಪ್ರೋಟೀನ್ ಕೊರತೆಯಿಂದ ನಿಶ್ಶಕ್ತಿ ಉಂಟಾಗಿ ಬೆವರು ಬರುತ್ತಿದೆ ಎಂದು ಹೇಳಿ ಪ್ರೋಟೀನ್ ಪುಡಿ ಮತ್ತು ವಿಟಮಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಮನೆಗೆ ಬಂದ ನೆಂಟರು, ಬೆವರಿನಲ್ಲೇ ಮೈಯ ಸತ್ವವೆಲ್ಲ ಹೋಗುತ್ತಿರುವುದರಿಂದ ಆಲ್ಬುಮಿನ್ ಕಡಿಮೆಯಾಗಿದೆ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ, ಮತ್ತು ಮೊಟ್ಟೆ, ಕಾಳು, ಪ್ರೋಟೀನ್ ಪುಡಿಗಳಿಂದ ಆಲ್ಬುಮಿನ್ ಸರಿಹೋದರೆ ಬೆವರು ನಿಲ್ಲುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ – ಹೇಮಾವತಿ ದಂಡೆ (ನಿವೃತ್ತ ವೈದ್ಯ, ಸಾಮಾನ್ಯ ವೈದ್ಯಕೀಯ ವಿಭಾಗ)

ನೀವು ಕೇಳಿದ ಎರಡು ವಿವರಣೆಗಳಲ್ಲಿ ಯಾವುದೂ ಸರಿಯಲ್ಲ. ಆಲ್ಬುಮಿನ್ ಕಡಿಮೆಯಾದ ಮಾತ್ರಕ್ಕೆ ರಾತ್ರಿ ಬೆವರು ಬರುವುದಿಲ್ಲ. ಬೆವರಿನ ದಾರಿಯಲ್ಲಿ ಆಲ್ಬುಮಿನ್ ಸೋರಿಹೋಗುವುದೂ ಇಲ್ಲ, ಏಕೆಂದರೆ ಬೆವರು ಬಹುಪಾಲು ನೀರು ಮತ್ತು ಉಪ್ಪು, ಅದರಲ್ಲಿರುವ ಪ್ರೋಟೀನ್ ಲೆಕ್ಕಕ್ಕೆ ಬಾರದಷ್ಟು ಅಲ್ಪ. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆಯಲ್ಲಿ ಮೂತ್ರದ ಮೂಲಕ ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಹೋಗುತ್ತದೆ. ಅಂಥವರ ಆಲ್ಬುಮಿನ್ 2ಕ್ಕಿಂತ ಕೆಳಗಿಳಿದು ಮುಖ, ಕಾಲು, ಹೊಟ್ಟೆ ಊದಿಕೊಂಡಿದ್ದರೂ ಅವರು ರಾತ್ರಿ ಒದ್ದೆಯಾಗದೆ ಮಲಗುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನ ಹೆಣ್ಣುಮಕ್ಕಳು ರಾತ್ರಿಯಿಡೀ ಬೆವರಿದರೂ ಅವರ ಆಲ್ಬುಮಿನ್ ಸರಿಯಾಗಿಯೇ ಇರುತ್ತದೆ. ಒಂದು ಇನ್ನೊಂದಕ್ಕೆ ಕಾರಣವಾಗಿದ್ದರೆ ಹೀಗೆ ಕಾಣಲು ಸಾಧ್ಯವಿರಲಿಲ್ಲ.

ಆದರೆ ಇವೆರಡೂ ಒಬ್ಬರಲ್ಲೇ, ಅದೂ ತೂಕ ಇಳಿಯುವುದರ ಜೊತೆಗೆ ಕಾಣಿಸಿಕೊಂಡಾಗ, ಅವು ಒಂದೇ ಬೇರಿನಿಂದ ಒಡೆದ ಎರಡು ಚಿಗುರುಗಳಾಗಿರುವ ಸಾಧ್ಯತೆ ಹೆಚ್ಚು. ಆ ಬೇರು ಬಹಳಷ್ಟು ಸಲ ದೇಹದೊಳಗೆ ದೀರ್ಘಕಾಲ ನಡೆಯುತ್ತಿರುವ ಉರಿಯೂತ. ಸೋಂಕಿನ ವಿರುದ್ಧವೋ ಗಡ್ಡೆಯ ವಿರುದ್ಧವೋ ಹೋರಾಡುವ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1, ಟಿ.ಎನ್.ಎಫ್. ಎಂಬ ಸಂದೇಶವಾಹಕ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಇವು ಯಕೃತ್ತನ್ನು ತಲುಪಿದಾಗ, ಅದು ಸಿ.ಆರ್.ಪಿ., ಫೈಬ್ರಿನೋಜೆನ್ ಮುಂತಾದ ತುರ್ತು ಪ್ರೋಟೀನುಗಳ ತಯಾರಿಕೆಗೆ ಆದ್ಯತೆ ಕೊಟ್ಟು ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಅದೇ ಹೊತ್ತಿಗೆ ರಕ್ತನಾಳಗಳ ಗೋಡೆ ಸಡಿಲವಾಗುವುದರಿಂದ, ಇರುವ ಆಲ್ಬುಮಿನ್ನಿನಲ್ಲಿ ಒಂದು ಪಾಲು ರಕ್ತದಿಂದ ಅಂಗಾಂಶಗಳಿಗೆ ಜಾರುತ್ತದೆ. ಆರೋಗ್ಯವಂತರ ಯಕೃತ್ತು ದಿನಕ್ಕೆ 10ರಿಂದ 15 ಗ್ರಾಂ ಆಲ್ಬುಮಿನ್ ತಯಾರಿಸಿ ರಕ್ತದಲ್ಲಿ ಅದನ್ನು ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಮಟ್ಟದಲ್ಲಿ ಉಳಿಸಿಕೊಳ್ಳುತ್ತದೆ. ಉರಿಯೂತ ವಾರಗಟ್ಟಲೆ ಮುಂದುವರಿದರೆ, ಚೆನ್ನಾಗಿ ಉಣ್ಣುವವರಲ್ಲೂ ಆ ಮಟ್ಟ ಕುಸಿಯುತ್ತದೆ.

ಅವೇ ವಸ್ತುಗಳು ಮೆದುಳಿನ ಹೈಪೋಥಲಾಮಸ್ ಭಾಗದ ಮೇಲೆ ಪ್ರಭಾವ ಬೀರಿದಾಗ, ದೇಹ ಕಾಯ್ದುಕೊಳ್ಳಬೇಕಾದ ಉಷ್ಣತೆಯ ಮಟ್ಟವೇ ಮೇಲಕ್ಕೇರಿ ಜ್ವರ ಬರುತ್ತದೆ. ಮನುಷ್ಯನ ಮೈಶಾಖ ಸಹಜವಾಗಿಯೇ ಸಂಜೆಯ ಹೊತ್ತಿಗೆ ಹೆಚ್ಚು, ನಸುಕಿಗೆ ಮುಂಚೆ ಅತಿ ಕಡಿಮೆ. ಸಂಜೆ ಏರಿದ ಜ್ವರವು ರಾತ್ರಿ ಇಳಿಯಬೇಕಾದಾಗ, ಹೆಚ್ಚಾಗಿದ್ದ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಆದ್ದರಿಂದಲೇ ಎಷ್ಟೋ ರೋಗಿಗಳು ಜ್ವರವನ್ನು ಗಮನಿಸದೆ ಬೆವರನ್ನು ಮಾತ್ರ ಗಮನಿಸಿರುತ್ತಾರೆ. ನಿಮ್ಮ ತಾಯಿಯವರು ಸಂಜೆ ಮೈ ಬೆಚ್ಚಗಿರುತ್ತದೆ ಎಂದು ಹೇಳಿರುವ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಇಂದಿನಿಂದಲೇ ಮಧ್ಯಾಹ್ನ, ಸಂಜೆ ಮತ್ತು ಮಲಗುವ ಮುನ್ನ ಥರ್ಮಾಮೀಟರ್ ಇಟ್ಟು ಬರೆದಿಡಿ. ಆ ಸಮಯದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಂಡಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ.

ಇದು ಊಹೆಯ ಮಾತಲ್ಲ ಎಂಬುದಕ್ಕೆ ಅಪರೂಪದ ಒಂದು ಕಾಯಿಲೆಯನ್ನು ಉದಾಹರಿಸುತ್ತೇನೆ. ಬಹುಕೇಂದ್ರಿತ ಕ್ಯಾಸಲ್‌ಮನ್ ಕಾಯಿಲೆಯಲ್ಲಿ ಊದಿಕೊಂಡ ದುಗ್ಧಗ್ರಂಥಿಗಳ (ಲಿಂಫ್ ನೋಡ್‌ಗಳ) ಜೊತೆಗೆ ದೇಹದಲ್ಲಿ ಇಂಟರ್‌ಲ್ಯೂಕಿನ್-6 ಅತಿಯಾಗಿರುತ್ತದೆ. ರೋಗಿಗಳಿಗೆ ಜ್ವರ, ರಾತ್ರಿ ಬೆವರು, ರಕ್ತಹೀನತೆ, ತೂಕ ಇಳಿಕೆ, ಆಲ್ಬುಮಿನ್ ಕೊರತೆ ಒಟ್ಟೊಟ್ಟಿಗೆ ಬರುತ್ತವೆ. ಈ ಒಂದೇ ವಸ್ತುವಿನ ಕೆಲಸವನ್ನು ತಡೆಯುವ ಟೊಸಿಲಿಜುಮ್ಯಾಬ್ ಎಂಬ ಔಷಧಕ್ಕೆ ಜಪಾನಿನಲ್ಲಿ 2005ರಲ್ಲಿ ಅನುಮತಿ ದೊರೆಯಿತು. ಅದನ್ನು ಕೊಟ್ಟ ರೋಗಿಗಳಲ್ಲಿ ಜ್ವರ ಮತ್ತು ಆಯಾಸ ಇಳಿದುದರ ಜೊತೆಗೆ ಆಲ್ಬುಮಿನ್ ತಾನಾಗಿಯೇ ಮೇಲೇರಿತು. ನಿಮ್ಮ ತಂದೆಯವರಿಗೆ ಈ ಕಾಯಿಲೆ ಇದೆ ಎಂದು ನಾನು ಹೇಳುತ್ತಿಲ್ಲ. ಎರಡು ಲಕ್ಷಣಗಳಿಗೂ ಮೂಲ ಒಂದೇ ಆಗಿರಬಲ್ಲದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ನಮ್ಮ ನಾಡಿನಲ್ಲಿ ಈ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಮೊದಲು ಹುಡುಕಬೇಕಾದದ್ದು ಕ್ಷಯ. ಸಕ್ಕರೆ ಕಾಯಿಲೆಯು ಕ್ಷಯ ಬರುವ ಅಪಾಯವನ್ನು ಎರಡು-ಮೂರು ಪಟ್ಟು ಹೆಚ್ಚಿಸುತ್ತದೆ. ಕೆಮ್ಮಿಲ್ಲ ಎಂದು ಅದನ್ನು ಕೈಬಿಡಬೇಡಿ. ದುಗ್ಧಗ್ರಂಥಿ, ಹೊಟ್ಟೆ, ಬೆನ್ನುಮೂಳೆ, ಶ್ವಾಸಕೋಶದ ಹೊರಪದರಗಳ ಕ್ಷಯದಲ್ಲಿ ಕೆಮ್ಮು ಇರಲೇಬೇಕೆಂದಿಲ್ಲ. ಎದೆಯ ಎಕ್ಸ್‌ರೇ, ಕಫ ಬರುವಂತಿದ್ದರೆ ಅದರಲ್ಲಿ ಕ್ಷಯದ ರೋಗಾಣುವಿನ ಜೀನ್ ಹುಡುಕುವ ಸಿ.ಬಿ.ನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಎಚ್.ಐ.ವಿ. ಪರೀಕ್ಷೆ ಇವಿಷ್ಟು ಮೊದಲ ಹಂತದಲ್ಲೇ ಆಗಬೇಕು. ಟ್ರೂನ್ಯಾಟ್ ಯಂತ್ರದ ಹಿಂದಿನ ಸಂಶೋಧನೆ ನಮ್ಮ ಬೆಂಗಳೂರಿನದೇ. ಈ ಪರೀಕ್ಷೆಗಳು ಸರ್ಕಾರದ ಕ್ಷಯ ಕಾರ್ಯಕ್ರಮದಲ್ಲಿ ಉಚಿತವಾಗಿ ದೊರೆಯುತ್ತವೆ. ಎರಡನೆಯದಾಗಿ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್. ಅದರಲ್ಲಿ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಬಟ್ಟೆ ತೊಯ್ಯುವ ರಾತ್ರಿ ಬೆವರು, 6 ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ತೂಕ ಇಳಿಕೆ ಇವು ಮೂರನ್ನೂ ವಿಶೇಷವಾಗಿ ಕೇಳಿ ದಾಖಲಿಸುತ್ತಾರೆ. ಹಾಡ್ಜ್‌ಕಿನ್ ಲಿಂಫೋಮಾದ ಮುನ್ಸೂಚನೆ ಅಂದಾಜಿಸಲು ಬಳಸುವ ಏಳು ಅಂಶಗಳಲ್ಲಿ ಆಲ್ಬುಮಿನ್ 4ಕ್ಕಿಂತ ಕಡಿಮೆ ಇರುವುದೂ ಒಂದು. ಹೃದಯದ ಕವಾಟದ ಸೋಂಕು, ಯಕೃತ್ತಿನಲ್ಲಿ ಕೀವು, ಸಂಧಿವಾತದಂಥ ಕಾಯಿಲೆಗಳು ಅನಂತರದ ಸಾಲಿನಲ್ಲಿ ಬರುತ್ತವೆ.

ಇವುಗಳ ನಡುವೆ ಬೇಗ ಪರಿಶೀಲಿಸಿ ಮುಗಿಸಬಹುದಾದ ಒಂದು ವಿಷಯವಿದೆ. ಗ್ಲಿಮೆಪಿರೈಡ್ ಮಾತ್ರೆಯಿಂದ ರಾತ್ರಿ ಸಕ್ಕರೆ ತೀರಾ ಇಳಿದರೂ ಬೆವರು ಬರುತ್ತದೆ. ಊಟ ಕಡಿಮೆಯಾಗಿ ತೂಕ ಇಳಿದವರಲ್ಲಿ ಹಳೆಯ ಪ್ರಮಾಣದ ಮಾತ್ರೆಯೇ ಹೆಚ್ಚಾಗಿಬಿಡಬಹುದು. ಆದ್ದರಿಂದ ಬೆವರು ಬಂದ ಆ ಹೊತ್ತಿನಲ್ಲೇ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಸಕ್ಕರೆ ನೀರು ಕೊಟ್ಟು, ಮರುದಿನವೇ ಮಾತ್ರೆಯ ಬಗ್ಗೆ ವೈದ್ಯರನ್ನು ಕಾಣಿ. ಆದರೆ ಆಲ್ಬುಮಿನ್ 2.7 ಮತ್ತು ಇ.ಎಸ್.ಆರ್. 88 ಆಗಿರುವುದನ್ನು ಸಕ್ಕರೆ ಇಳಿಕೆ ವಿವರಿಸುವುದಿಲ್ಲ.

ಇನ್ನೊಂದು ಕೋರಿಕೆ. ಕಾರಣ ಗೊತ್ತಾಗುವ ಮೊದಲು ಲಿವೋಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್ ಅಥವಾ ಸ್ಟಿರಾಯ್ಡ್ ಮಾತ್ರೆಗಳನ್ನು ಜ್ವರಕ್ಕೆಂದು ತೆಗೆದುಕೊಳ್ಳಬೇಡಿ. ಮೊದಲನೆಯದು ಕ್ಷಯವನ್ನು ಅರ್ಧಂಬರ್ಧ ಅಡಗಿಸಿ ಪತ್ತೆಯನ್ನು ತಡಮಾಡುತ್ತದೆ. ಎರಡನೆಯದು ಲಿಂಫೋಮಾದ ಗಂಟುಗಳನ್ನು ಕೆಲಕಾಲ ಕುಗ್ಗಿಸಿ ಬಯಾಪ್ಸಿಯನ್ನೇ ಕೆಡಿಸಬಹುದು.

ಉತ್ತರ – ಪ್ರನಾಳ (ಜೀವರಸಾಯನ ಪ್ರಯೋಗಾಲಯ)

ಹಿರಿಯ ವೈದ್ಯರು ಹೇಳಿರುವುದಕ್ಕೆ ವರದಿಯ ಕಡೆಯಿಂದ ಒಂದು ಮಾತನ್ನು ಸೇರಿಸಬಯಸುತ್ತೇನೆ. ಪ್ರಯೋಗಾಲಯದಲ್ಲಿ ನಾವು ಒಟ್ಟು ಪ್ರೋಟೀನನ್ನೂ ಆಲ್ಬುಮಿನ್ನನ್ನೂ ಅಳೆಯುತ್ತೇವೆ. ಗ್ಲಾಬ್ಯುಲಿನ್ ಎಂಬುದು ಸಾಮಾನ್ಯವಾಗಿ ಮೊದಲನೆಯದರಿಂದ ಎರಡನೆಯದನ್ನು ಕಳೆದು ಬರೆದ ಸಂಖ್ಯೆ. ನಿಮ್ಮ ತಂದೆಯವರ ಒಟ್ಟು ಪ್ರೋಟೀನ್ 7.8 ಇರುವುದರಿಂದ, ಬರೀ ಉಪವಾಸದಿಂದಲೋ ಆಹಾರದ ಕೊರತೆಯಿಂದಲೋ ಹೀಗಾಗಿದೆ ಎಂದು ಒಪ್ಪುವುದು ಕಷ್ಟ. ಗ್ಲಾಬ್ಯುಲಿನ್ 5.1 ಆಗಿರುವುದು, ದೇಹವು ಪ್ರತಿಕಾಯಗಳನ್ನು ಬಹುಕಾಲದಿಂದ ಹೆಚ್ಚಾಗಿ ತಯಾರಿಸುತ್ತಿದೆ ಎಂಬುದರ ಕಡೆಗೆ ಬೊಟ್ಟುಮಾಡುತ್ತದೆ. ದೀರ್ಘಕಾಲದ ಸೋಂಕು, ಸ್ವಯಂನಿರೋಧಕ ಕಾಯಿಲೆ, ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುವ ಸಿರೋಸಿಸ್, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇವೆಲ್ಲವುಗಳಲ್ಲೂ ಈ ಚಿತ್ರ ಬರುತ್ತದೆ. ಸೀರಂ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಮಾಡಿಸಿದರೆ, ಹೆಚ್ಚಾಗಿರುವುದು ಹಲವು ಬಗೆಯ ಪ್ರತಿಕಾಯಗಳೋ ಒಂದೇ ಬಗೆಯದೋ ಎಂಬುದು ತಿಳಿಯುತ್ತದೆ. ಒಂದೇ ಬಗೆಯದಾದರೆ ಮೈಲೋಮಾದ ತನಿಖೆ ಆಗಬೇಕು.

ಎಸ್.ಜಿ.ಪಿ.ಟಿ. ಸರಿಯಾಗಿದೆ ಎಂದು ಯಕೃತ್ತನ್ನು ಪೂರ್ತಿಯಾಗಿ ಬಿಟ್ಟುಬಿಡಬೇಡಿ. ಸಿರೋಸಿಸ್ ಇದ್ದರೂ ಆ ಸಂಖ್ಯೆ ಸರಿಯಾಗಿರಬಹುದು. ಹಾಗೆಯೇ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆ ನಿಮ್ಮ ಪಟ್ಟಿಯಲ್ಲಿ ಕಾಣಲಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಕ್ರಿಯಾಟಿನಿನ್ ಸರಿಯಾಗಿದ್ದಾಗಲೂ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿರಬಹುದು, ಮತ್ತು ಪಾದದ ಊತಕ್ಕೆ ಅದೂ ಕಾರಣವಾಗಿರಬಹುದು. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಸಾಕು, ಖರ್ಚೂ ಹೆಚ್ಚಿಲ್ಲ. ಕ್ಯಾಲ್ಸಿಯಂ ನೋಡಿಸಿದ್ದರೆ ಅದರ ಬಗ್ಗೆಯೂ ಎಚ್ಚರವಿರಲಿ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆ ಇದೆಯೋ ಅದರ 0.8 ಪಟ್ಟನ್ನು ವರದಿಯ ಕ್ಯಾಲ್ಸಿಯಂಗೆ ಸೇರಿಸಿ ಓದುವುದು ವಾಡಿಕೆ. ಇಲ್ಲವಾದರೆ ಮೈಲೋಮಾದಲ್ಲಿ ಹೆಚ್ಚಾಗಿರುವ ಕ್ಯಾಲ್ಸಿಯಂ ಸರಿಯಾಗಿದೆ ಎಂದು ತೋರುವ ಅಪಾಯವಿದೆ.

ಉತ್ತರ – ಕೊಟ್ಟಿಗೆ (ಪಶುವೈದ್ಯ)

ಮನೆಯಲ್ಲಿ ಹಸುಗಳಿವೆ ಎಂದು ಬರೆದಿದ್ದೀರಿ, ಅದಕ್ಕಾಗಿ ಈ ಮಾತು. ಈಚೆಗೆ ಯಾವುದಾದರೂ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿತ್ತೇ, ಆಗ ನಿಮ್ಮ ತಂದೆಯವರು ಬರಿಗೈಯಲ್ಲಿ ಮಾಸು ತೆಗೆದಿದ್ದರೇ, ಹಾಲನ್ನು ಕಾಯಿಸದೆ ಕುಡಿಯುವ ರೂಢಿ ಇದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಬ್ರುಸೆಲ್ಲೋಸಿಸ್ ಎಂಬ ರೋಗವು ಈ ದಾರಿಗಳಲ್ಲಿ ದನದಿಂದ ಮನುಷ್ಯರಿಗೆ ಬರುತ್ತದೆ. ಏರಿಳಿಯುವ ಜ್ವರ, ರಾತ್ರಿಯ ವಿಪರೀತ ಬೆವರು, ಸೊಂಟ ಮತ್ತು ಕೀಲುಗಳ ನೋವು ಅದರ ಮುಖ್ಯ ಲಕ್ಷಣಗಳು. ವೈದ್ಯರಿಗೆ ನೀವಾಗಿ ದನದ ವಿಷಯ ಹೇಳದಿದ್ದರೆ ಅವರು ಈ ಪರೀಕ್ಷೆಯನ್ನು ಬರೆಯದೇ ಇರಬಹುದು. ರಕ್ತದಲ್ಲಿ ಪ್ರತಿಕಾಯಗಳನ್ನು ನೋಡಿ, ರಕ್ತದ ಕಲ್ಚರ್ ಮಾಡಿ ಇದನ್ನು ಪತ್ತೆ ಹಚ್ಚುತ್ತಾರೆ. ಕಲ್ಚರ್ ಕಳುಹಿಸುವಾಗ ಬ್ರುಸೆಲ್ಲಾ ಸಂದೇಹವಿದೆ ಎಂದು ಪ್ರಯೋಗಾಲಯಕ್ಕೆ ತಿಳಿಸಲೇಬೇಕು, ಏಕೆಂದರೆ ಅಲ್ಲಿ ಕೆಲಸ ಮಾಡುವವರಿಗೂ ಅದು ಅಂಟಬಲ್ಲದು.

ಚಿಕಿತ್ಸೆಯಲ್ಲಿ ಡಾಕ್ಸಿಸೈಕ್ಲಿನ್ ಜೊತೆಗೆ ಇನ್ನೊಂದು ಔಷಧವನ್ನು 6 ವಾರಗಳ ಕಾಲ ಕೊಡುತ್ತಾರೆ. ಆ ಇನ್ನೊಂದು ಔಷಧ ಹಲವು ಸಲ ರಿಫಾಂಪಿಸಿನ್ ಆಗಿರುತ್ತದೆ. ಅದು ಕ್ಷಯದ ಮುಖ್ಯ ಔಷಧವೂ ಆಗಿರುವುದರಿಂದ, ಕ್ಷಯ ಇಲ್ಲವೆಂದು ಖಚಿತವಾಗುವ ಮುನ್ನ ಅದನ್ನು ಆರಂಭಿಸುವುದು ತರವಲ್ಲ. ಹಸುಗಳ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಹುಟ್ಟುವ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಹಾಕಿಸುವ ಲಸಿಕೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಲಭ್ಯವಿದೆ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನನ್ನ ಮನಃಪೂರ್ವಕ ಕೃತಜ್ಞತೆಗಳು. ಊರಿಗೆ ಹೋಗಿ ತಂದೆಯವರನ್ನು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆವು. ಸಂಜೆಯ ಜ್ವರ 100.8 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರುತ್ತಿದೆ. ಬೆವರಿನ ಹೊತ್ತಿನಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಎಚ್.ಐ.ವಿ. ಇಲ್ಲ, ಎದೆಯ ಎಕ್ಸ್‌ರೇಯಲ್ಲಿ ವಿಶೇಷವೇನೂ ಕಾಣಲಿಲ್ಲ. ಹಸು ಕಂದು ಹಾಕಿದ್ದಿಲ್ಲ, ಹಾಲನ್ನು ಕಾಯಿಸಿಯೇ ಕುಡಿಯುತ್ತಾರೆ. ಆದರೂ ಬ್ರುಸೆಲ್ಲಾ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ. ವೈದ್ಯರು ಕುತ್ತಿಗೆಯ ಎಡಭಾಗದಲ್ಲಿ ಒಂದಕ್ಕೊಂದು ಅಂಟಿಕೊಂಡಂಥ ಎರಡು ಗಂಟುಗಳನ್ನು ಗುರುತಿಸಿ, ಸೂಜಿ ಪರೀಕ್ಷೆಗೆ ದಿನ ಕೊಟ್ಟಿದ್ದಾರೆ. ನೋವಿಲ್ಲದ ಕಾರಣ ಅವು ಇರುವುದು ತಂದೆಯವರಿಗೇ ತಿಳಿದಿರಲಿಲ್ಲ.

ಈ ನಡುವೆ ಪರಿಚಯದವರೊಬ್ಬರು, ಆಲ್ಬುಮಿನ್ ಬಾಟಲಿಯನ್ನೇ ರಕ್ತನಾಳಕ್ಕೆ ಏರಿಸಿದರೆ ಬೇಗ ಶಕ್ತಿ ಬರುತ್ತದೆ ಎಂದು ಒತ್ತಾಯಿಸುತ್ತಿದ್ದಾರೆ. ಅದು ಬೇಕೇ? ಆಹಾರದಲ್ಲಿ ಏನು ಕೊಡಬೇಕು? ಆಲ್ಬುಮಿನ್ ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡಿಸಬೇಕು?

ಉತ್ತರ – ಸಿರಿಧಾನ್ಯ (ಆಹಾರತಜ್ಞೆ)

ಆಹಾರದ ವಿಷಯವನ್ನು ಮಾತ್ರ ಹೇಳುತ್ತೇನೆ. ಉರಿಯೂತ ಇರುವಾಗ ಎಷ್ಟು ಪ್ರೋಟೀನ್ ತಿಂದರೂ ಆಲ್ಬುಮಿನ್ ಬೇಗ ಏರುವುದಿಲ್ಲ, ಆದರೆ ತಿನ್ನದಿದ್ದರೆ ಮಾಂಸಖಂಡ ಇನ್ನಷ್ಟು ಕರಗುತ್ತದೆ. ಆದ್ದರಿಂದ ಸಂಖ್ಯೆಯನ್ನು ಏರಿಸಲು ಅಲ್ಲ, ತಂದೆಯವರ ಮೈಯನ್ನು ಉಳಿಸಿಕೊಳ್ಳಲು ಊಟ ಕೊಡಿ. ಆರೋಗ್ಯವಂತರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಕಿಡ್ನಿ ಸರಿಯಾಗಿರುವ ಇಂಥ ರೋಗಿಗಳಿಗೆ ನಾವು 1.2ರಿಂದ 1.5 ಗ್ರಾಂವರೆಗೆ ಕೊಡುತ್ತೇವೆ. ದುಬಾರಿ ಪುಡಿಯೇ ಬೇಕೆಂದಿಲ್ಲ. ಮೊಟ್ಟೆ, ಹಾಲು, ಮೊಸರು, ಹುರುಳಿ ಮತ್ತು ಹೆಸರುಕಾಳಿನ ಬಸ್ಸಾರು, ಹುರಿದ ಶೇಂಗಾ, ಕಡಲೆ, ರೂಢಿಯಿದ್ದರೆ ಮೀನು ಮತ್ತು ಕೋಳಿ ಇವೆಲ್ಲ ಆಗುತ್ತವೆ. ಮುದ್ದೆಯನ್ನು ಬಿಡಿಸಬೇಡಿ, ಅದರ ಜೊತೆಗಿನ ಸಾರಿನಲ್ಲಿ ಕಾಳು ಹೆಚ್ಚಿಸಿ. ಹಸಿವಿಲ್ಲದವರಿಗೆ ಎರಡು ದೊಡ್ಡ ಊಟಕ್ಕಿಂತ ಐದಾರು ಸಣ್ಣ ಊಟಗಳು ಹಿಡಿಸುತ್ತವೆ. ಬೆವರಿನಿಂದ ಹೋದ ನೀರನ್ನು ತುಂಬಲು ಮಜ್ಜಿಗೆ ಕೊಡಿ. ಪಾದದ ಊತ ಇರುವುದರಿಂದ ಉಪ್ಪಿನಕಾಯಿ, ಹಪ್ಪಳಗಳನ್ನು ಸದ್ಯಕ್ಕೆ ದೂರವಿಡಿ.

ಕ್ಷಯವೆಂದು ಖಚಿತವಾದರೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಹೆಸರು ನೋಂದಾಯಿಸಿ. 2018ರಲ್ಲಿ ತಿಂಗಳಿಗೆ ₹500ರಂತೆ ಆರಂಭವಾದ ಈ ನೆರವು 2024ರ ನವೆಂಬರಿನಿಂದ ₹1,000 ಆಗಿದೆ, ನೇರವಾಗಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ.

ಉತ್ತರ – ಹೇಮಾವತಿ ದಂಡೆ

ಗಂಟು ಸಿಕ್ಕಿರುವುದು ಒಳ್ಳೆಯದೇ ಆಯಿತು. ಕಾರಣ ತಿಳಿಯುವ ದಾರಿ ಈಗ ಹತ್ತಿರವಾಗಿದೆ. ಒಂದಕ್ಕೊಂದು ಅಂಟಿದ ಗಂಟುಗಳು ಕ್ಷಯದಲ್ಲಿ ಹೆಚ್ಚಾಗಿ ಕಾಣುತ್ತವಾದರೂ, ಕೈಯಿಂದ ಮುಟ್ಟಿ ನೋಡಿ ಲಿಂಫೋಮಾ ಅಲ್ಲವೆಂದು ಹೇಳಲು ಯಾವ ವೈದ್ಯನಿಗೂ ಆಗದು. ಸೂಜಿ ಪರೀಕ್ಷೆಯ ದಿನ ಎರಡು ವಿಷಯಗಳನ್ನು ವಿನಯದಿಂದ ಕೇಳಿ. ತೆಗೆದ ಮಾದರಿಯ ಒಂದು ಭಾಗವನ್ನು ಫಾರ್ಮಲಿನ್‌ಗೆ ಹಾಕದೆ ಸಲೈನಿನಲ್ಲಿ ಕ್ಷಯದ ಜೀನ್ ಪರೀಕ್ಷೆಗೆ ಮತ್ತು ಕಲ್ಚರ್‌ಗೆ ಕಳುಹಿಸುತ್ತಾರೆಯೇ ಎಂಬುದು ಮೊದಲನೆಯದು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ರೋಗಾಣುವನ್ನು ಬೆಳೆಸಿ ನೋಡುವ ಅವಕಾಶ ಅಲ್ಲಿಗೇ ಮುಗಿಯುತ್ತದೆ. ಸೂಜಿ ಪರೀಕ್ಷೆಯಲ್ಲಿ ಉತ್ತರ ಸ್ಪಷ್ಟವಾಗದಿದ್ದರೆ ಇಡೀ ಗ್ರಂಥಿಯನ್ನು ತೆಗೆದು ಬಯಾಪ್ಸಿ ಮಾಡಿಸುವರೇ ಎಂಬುದು ಎರಡನೆಯದು. ಲಿಂಫೋಮಾವನ್ನು ಗುರುತಿಸಿ ಅದರ ಬಗೆಯನ್ನು ನಿರ್ಧರಿಸಲು ಸೂಜಿಯಲ್ಲಿ ಬರುವ ಬಿಡಿ ಕೋಶಗಳು ಬಹಳ ಸಲ ಸಾಲುವುದಿಲ್ಲ.

ಆಲ್ಬುಮಿನ್ ಬಾಟಲಿ ಬೇಡ. ಸಿರೋಸಿಸ್ ರೋಗಿಯ ಹೊಟ್ಟೆಯಿಂದ 5 ಲೀಟರಿಗಿಂತ ಹೆಚ್ಚು ನೀರು ತೆಗೆದಾಗ, ಆ ನೀರಿಗೆ ಸೋಂಕು ತಗುಲಿದಾಗ, ಇನ್ನು ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಅದು ಜೀವ ಉಳಿಸುವ ಔಷಧ. ವರದಿಯ ಸಂಖ್ಯೆಯನ್ನು ಸರಿಪಡಿಸಲು ಏರಿಸಿದರೆ ಕೆಲವೇ ದಿನಗಳಲ್ಲಿ ಮಟ್ಟ ಮತ್ತೆ ಇಳಿಯುತ್ತದೆ, ಏಕೆಂದರೆ ಅದನ್ನು ತಗ್ಗಿಸುತ್ತಿರುವ ಕಾರಣ ಒಳಗೆ ಹಾಗೆಯೇ ಇದೆ. ಅದು ಶಕ್ತಿ ಕೊಡುವ ಆಹಾರವೂ ಅಲ್ಲ, ಬೆಲೆಯೂ ಬಡವರಿಗೆ ಎಟುಕುವಂಥದ್ದಲ್ಲ. ಆ ಹಣವನ್ನು ಪರೀಕ್ಷೆಗೂ ಊಟಕ್ಕೂ ಇಟ್ಟುಕೊಳ್ಳಿ.

ಕ್ಷಯವೆಂದು ಖಚಿತವಾಗಿ ರಿಫಾಂಪಿಸಿನ್ ಇರುವ ಚಿಕಿತ್ಸೆ ಆರಂಭವಾದರೆ, ಅದು ಗ್ಲಿಮೆಪಿರೈಡ್ ಮಾತ್ರೆಯ ಪರಿಣಾಮವನ್ನು ಕಡಿಮೆ ಮಾಡುವುದರಿಂದ ಸಕ್ಕರೆ ಏರಬಹುದು; ಮೊದಲ ವಾರಗಳಲ್ಲಿ ಗ್ಲುಕೋಮೀಟರ್ ಕೈಗೆಟುಕುವಂತಿರಲಿ. ಆಲ್ಬುಮಿನ್ ಕಡಿಮೆ ಇರುವವರಲ್ಲಿ ಈ ಔಷಧಗಳಿಂದ ಯಕೃತ್ತಿಗೆ ತೊಂದರೆಯಾಗುವ ಸಂಭವ ಹೆಚ್ಚಾದ್ದರಿಂದ ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಆಲ್ಬುಮಿನ್ ಪರೀಕ್ಷೆಯನ್ನು ವಾರವಾರವೂ ಮಾಡಿಸುವ ಅಗತ್ಯವಿಲ್ಲ. ಆಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನಗಳಾದ್ದರಿಂದ, ಸರಿಯಾದ ಚಿಕಿತ್ಸೆ ಆರಂಭವಾದ ಮೇಲೂ ಅದರ ಮಟ್ಟ ನಿಧಾನವಾಗಿಯೇ ಏರುತ್ತದೆ. ಚಿಕಿತ್ಸೆ ಆರಂಭಿಸಿ ಒಂದು ತಿಂಗಳಾದ ಮೇಲೆ ನೋಡಿದರೆ ಸಾಕು. ಅಲ್ಲಿಯವರೆಗೆ ಸಂಜೆಯ ಜ್ವರದ ಪಟ್ಟಿ, ವಾರಕ್ಕೊಮ್ಮೆ ತೂಕ, ರಾತ್ರಿ ಬಟ್ಟೆ ಬದಲಾಯಿಸಬೇಕಾಯಿತೇ ಇಲ್ಲವೇ ಎಂಬ ಟಿಪ್ಪಣಿ ಈ ಮೂರನ್ನು ನಿಮ್ಮ ತಾಯಿಯವರೇ ಬರೆದಿಟ್ಟುಕೊಳ್ಳಲಿ. ಔಷಧ ಹಿಡಿಯುತ್ತಿದೆಯೋ ಇಲ್ಲವೋ ಎಂಬುದನ್ನು ಆ ಪಟ್ಟಿ ರಕ್ತದ ವರದಿಗಿಂತ ಮೊದಲೇ ತಿಳಿಸುತ್ತದೆ. ಸೂಜಿ ಪರೀಕ್ಷೆಯ ವರದಿ ಬಂದ ಕೂಡಲೇ ಅದರಲ್ಲಿರುವುದನ್ನು ಇದ್ದಂತೆಯೇ ಇಲ್ಲಿ ಬರೆಯಿರಿ.